ಅಮ್ಮ ಪಕ್ಕದಲ್ಲಿರಬೇಕು

ಮಗುವಿನ ತಲೆಯೊಳಗೆ ಎಷ್ಟು ಗಲಾಟೆ ನಡೀತಿದೆ ಅನ್ನೋದು ಹೊರಗಿನವರ ಕಣ್ಣಿಗೆ ಕಾಣೋ ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಮೊದಲು ಬಾಯಿಬಿಟ್ಟು ಹೇಳಿದ್ದು ಯಾವ ವಿಜ್ಞಾನಿಯೂ ಅಲ್ಲ, ನಮ್ಮ ಶಾಂಭವಿ. ತಿಪಟೂರಿನ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಕೊನೇ ಪಂಕ್ತಿಯ ಎಲೆ ಎತ್ತಿದ ಮೇಲೆ ಹೇಳಿದಳು. ಅಲ್ಲಿದ್ದ ನಾವ್ಯಾರೂ ಆ ಮದುವೆಯ ನೆಂಟರಲ್ಲ. ಶಾಸಕರನ್ನು ಹಿಡಿಯೋಕೆ ಹೋಗಿದ್ದವರು.

ನಾನು ಪಂಕಜ. ಈಗ ತುಮಕೂರಿನ ಮಾಪನ ಕೇಂದ್ರದಲ್ಲಿ ಯಂತ್ರದ ಮುಂದೆ ಕೂರುತ್ತೇನೆ. ಆಗ ಶಾಂಭವಿಯ ಹಾಗೇ ಬರೀ ಒಬ್ಬ ತಾಯಿ. ನನ್ನ ಮಗ ಚರಣನಿಗೂ ಅವಳ ಮಗಳು ಇಂಚರಳಿಗೂ ಆಟಿಸಂ. ವಿಮಾ ಕಂಪನಿಯವರನ್ನು ಕೇಳಿದರೆ ಇದು ರೋಗವಲ್ಲ, ಹುಟ್ಟಿನಿಂದ ಬಂದ ಸ್ಥಿತಿ, ಆದ್ದರಿಂದ ಚಿಕಿತ್ಸೆಗೆ ದುಡ್ಡು ಕೊಡಲ್ಲ ಅಂತಿದ್ದರು. ಶಾಲೆಯವರನ್ನು ಕೇಳಿದರೆ ಇದು ರೋಗ, ಆದ್ದರಿಂದ ಸೇರಿಸಿಕೊಳ್ಳಲ್ಲ ಅಂತಿದ್ದರು. ಇಬ್ಬರನ್ನೂ ಒಂದೇ ಕೋಣೆಗೆ ನೂಕಿ ಹೊರಗಿಂದ ಚಿಲಕ ಹಾಕಬೇಕು ಅನ್ನಿಸುತ್ತಿತ್ತು ನನಗೆ. ಶಾಂಭವಿ ಹಾಗೆ ಬಯ್ಯುತ್ತಾ ಕೂರುವವಳಲ್ಲ. ವಿಮೆಯಲ್ಲಿ ಆಟಿಸಂ ಸೇರಿಸಲೇಬೇಕು ಅಂತ ಕಾನೂನು ಮಾಡಿಸೋಣ ಅಂದಳು, ಒಕ್ಕೂಟ ಕಟ್ಟಿದಳು, ಊರೂರು ತಿರುಗಿ ತಾಯಂದಿರನ್ನು ಎಬ್ಬಿಸಿದಳು.

ಶಾಸಕರ ಮನೆ ಮುಂದೆ ಕಾದರೆ ಪಿ.ಎ. ಒಳಗೆ ಬಿಡಲ್ಲ. ಆದರೆ ಮದುವೆಗೆ ಬರದ ಶಾಸಕ ನಮ್ಮ ಕಡೆ ಇಲ್ಲ. ಅಕ್ಷತೆ ಹಾಕಿ, ಫೋಟೋಗೆ ನಿಂತು ಕೆಳಗಿಳಿಯುವಾಗ ಮೆಟ್ಟಿಲ ಹತ್ತಿರ ಅಡ್ಡ ನಿಂತರೆ ತಪ್ಪಿಸಿಕೊಳ್ಳೋಕಾಗಲ್ಲ, ಬೀಗರೆಲ್ಲ ನೋಡುತ್ತಿರುವಾಗ ಗದರೋಕೂ ಆಗಲ್ಲ. ಈ ಉಪಾಯ ಶಾಂಭವಿಯದೇ. ಅವತ್ತು ಸಿಕ್ಕ ಶಾಸಕರು ಅವಳ ಫೋನಿನಲ್ಲಿ ಇಂಚರಳ ಫೋಟೋ ನೋಡಿ, "ಎಷ್ಟು ಲಕ್ಷಣವಾಗಿದ್ದಾಳಮ್ಮ ಮಗು. ಏನೂ ಆಗಿಲ್ಲ ಬಿಡಿ, ದೊಡ್ಡೋಳಾದ್ರೆ ಸರಿಹೋಗ್ತಾಳೆ" ಅಂತ ಹೇಳಿ ಪಾನ್ ಬೀಡಾ ಹಾಕಿಕೊಂಡು ಹೋದರು. ಆಗಲೇ ಅವಳು ಆ ಮಾತು ಅಂದಿದ್ದು. ಮಕ್ಕಳು ಪಡೋ ಪಾಡು ಕಾಣಬೇಕಕ್ಕ, ಕಾಣದೆ ಇದ್ರೆ ಇವರು ನಂಬಲ್ಲ ಅಂತ.

ಕಾಣಿಸುವ ಯಂತ್ರವೂ ಬಂತು. ಡಾಕ್ಟರ್ ಸತ್ಯಪ್ರಸಾದ್ ಅಂತ ನರವಿಜ್ಞಾನಿ, ಬಿಳಿ ಗಡ್ಡದ ಮೆಲುಮಾತಿನ ಮನುಷ್ಯ, ಒಂದು ಮೆತ್ತನೆಯ ಟೋಪಿ ಮಾಡಿದ್ದರು. ನಮ್ಮ ನಿಮ್ಮ ಮಿದುಳು ಫ್ಯಾನಿನ ಸದ್ದು, ಅಂಗಿಯ ಕೊರಳಪಟ್ಟಿಯ ತುರಿಕೆ, ಟ್ಯೂಬ್‌ಲೈಟಿನ ಮಿಣುಕು ಇವನ್ನೆಲ್ಲ ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತದಂತೆ. ನಮ್ಮ ಮಕ್ಕಳಿಗೆ ಎಲ್ಲವೂ ಒಟ್ಟಿಗೆ ಒಳಗೆ ನುಗ್ಗುತ್ತವೆ. ಅದನ್ನು ಸಂಭಾಳಿಸೋಕೆ ಮಿದುಳು ಒದ್ದಾಡುವಾಗ ತಲೆಯ ಸುತ್ತ ತೀರಾ ಸಣ್ಣ ಕಾಂತಕ್ಷೇತ್ರ ಏಳುತ್ತದೆ. ಟೋಪಿಯೊಳಗೆ ಹೊಲಿದ ಹರಳುಗಳು ಅದನ್ನು ಹಿಡಿದು ಸೊನ್ನೆಯಿಂದ ನೂರರ ಒಳಗೆ ಒಂದು ಅಂಕಿಯಾಗಿ ತೋರಿಸುತ್ತವೆ. ಸರ್ಕಾರಿ ಕಡತದಲ್ಲಿ ಅದರ ಹೆಸರು ಭಾರಾಂಕ. ನಾವು ಟೋಪಿ ನಂಬರು ಅಂತಿದ್ದೆವು. ಡಾಕ್ಟರು ಮೊದಲ ಸಲ ಅದನ್ನು ತೋರಿಸಿದ ದಿನ ನಾವು ಅವರ ಕೈ ಹಿಡಿದುಕೊಂಡು ಅತ್ತಿದ್ದೇವೆ.

ವಿಧಾನಸೌಧದ ಸಮಿತಿ ಕೋಣೆಯಲ್ಲಿ ಟೋಪಿ ಹಾಕಿಸಿಕೊಂಡು ಕೂತ ಮಗು ಇಂಚರ. ಆಗಿನ್ನೂ ಪುಟ್ಟ ಹುಡುಗಿ, ಮಾತಿಲ್ಲ. ಸದಸ್ಯರ ಫೋನುಗಳು ಬಡಿದುಕೊಂಡವು, ಕುರ್ಚಿ ಕಿರುಗುಟ್ಟಿದವು, ಗೋಡೆಯ ಮೇಲಿನ ತೆರೆಯಲ್ಲಿ ನಂಬರು ಎಂಬತ್ತು ದಾಟಿತು. ಒಬ್ಬ ಸದಸ್ಯರು ಎದ್ದು ಹೋಗಿ ಫ್ಯಾನ್ ಆರಿಸಿದರು. ನಂಬರು ಇಳಿಯಿತು. ಹಾಕಿದರು, ಏರಿತು. ಆಶ್ಚರ್ಯವಾಗಿ ಇನ್ನೂ ಒಂದು ಸಲ ಆರಿಸಿ ಹಾಕಿದರು. ಇಂಚರ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಸುಳಿದಳು. ಎತ್ತಿಕೊಳ್ಳೋಕೆ ಹೋದ ನನ್ನ ಸೆರಗು ಹಿಡಿದು ಶಾಂಭವಿ ಕೂರಿಸಿದಳು. "ಇರಿ ಅಕ್ಕ. ಅವರು ನೋಡ್ಲಿ."

ನೋಡಿದರು. ಕಾನೂನು ಪಾಸಾಯಿತು. ಆಮೇಲೆ ವಿಮಾ ಕಂಪನಿಯ ವಕೀಲರು ಕೋಟು ತೊಟ್ಟುಕೊಂಡು ಬಂದರು. ಯಂತ್ರ ಇದೆಯಲ್ಲ, ಒಂದು ಗೆರೆ ಇರಲಿ, ಭಾರಾಂಕ ಅರವತ್ತು ದಾಟಿದ ಮಗುವಿಗೆ ವಿಮೆ ಅಂದರು. ನಮ್ಮ ಮಕ್ಕಳೆಲ್ಲ ದಾಟುತ್ತಾರೆ ಅಂತ ನಾವು ಒಪ್ಪಿದೆವು. ಬದಲಿಗೆ ನಮ್ಮ ಷರತ್ತುಗಳನ್ನು ಹಾಕಿದೆವು. ಅಳೆಯುವ ಕೋಣೆಯಲ್ಲಿ ಸದ್ದು ಇರಬಾರದು, ಕಣ್ಣು ಚುಚ್ಚುವ ಬೆಳಕು ಇರಬಾರದು. ಯಂತ್ರದ ಮುಂದೆ ನಮ್ಮಲ್ಲೇ ಒಬ್ಬ ತಾಯಿ ಕೂರಬೇಕು. ನಂಬರು ಒಳಗಿರುವವರಿಗೂ ಕಾಣಬೇಕು. ಮಗು ಹೆದರದ ಹಾಗೆ ಅಮ್ಮ ಪಕ್ಕದಲ್ಲಿರಬೇಕು. ಈ ಕೊನೆಯದನ್ನು ಶಾಂಭವಿ ಹಟ ಹಿಡಿದು ಬರೆಸಿದಳು. ವಕೀಲರು ಒಂದು ಮಾತೂ ಎದುರಾಡದೆ ಎಲ್ಲಕ್ಕೂ ಸಹಿ ಹಾಕಿದರು. ಎಂಥಾ ಒಳ್ಳೆ ಜನ ಅಂದುಕೊಂಡೆವು, ನಮ್ಮ ಬುದ್ಧಿಗಿಷ್ಟು.

ಕೇಂದ್ರ ಶುರುವಾದಾಗ ಮೊದಲ ದಿನವೇ ಚರಣನನ್ನು ಅಳೆದರು. ಎಂಬತ್ತಾರು. ನಮ್ಮ ಮನೆ ವೆಲ್ಡಿಂಗ್ ಅಂಗಡಿಯ ಮೇಲಿದೆ, ನಾನು ಕೆಲಸಕ್ಕೆ ಹೋದರೆ ನಮ್ಮತ್ತೆ ಟಿವಿ ಆರಿಸುವವರಲ್ಲ. ಅವನು ಬರುವಾಗಲೇ ತಲೆ ತುಂಬಿಸಿಕೊಂಡು ಬಂದಿರುತ್ತಾನೆ. ಇಂಚರ ಅದೇ ವಾರ ಬಂದಳು. ನೆಲದ ಚಾಪೆ ಮೇಲೆ ಅಮ್ಮನ ಮೈಗೆ ಒರಗಿ ಕೂತಳು, ಟೋಪಿ ಹಾಕಿದರೂ ಮುಖ ತಿರುಗಿಸಲಿಲ್ಲ. ಯಂತ್ರದ ಮುಂದೆ ಕೂರುವ ಕೆಲಸ ಒಕ್ಕೂಟದವರು ನನಗೇ ವಹಿಸಿದ್ದರು, ಕೋಣೆಯ ಗಾಜಿನ ಗೋಡೆಯ ಈಚೆ ಕೂತು ತೆರೆ ನೋಡಿದೆ. ಮೂವತ್ತನಾಲ್ಕು. ಯಂತ್ರ ಕೆಟ್ಟಿದೆ ಅಂತ ಡಾಕ್ಟರನ್ನು ಕರೆದೆ. ಕೆಟ್ಟಿರಲಿಲ್ಲ.

ಕೆಡುವುದೇನು, ಅದು ಸರಿಯಾಗೇ ಹೇಳಿತ್ತು. ಶಾಂಭವಿಯ ಮನೆ ನೋಡಿದವರಿಗೆ ಅರ್ಥವಾಗುತ್ತದೆ. ಅಲ್ಲಿ ಕುಕ್ಕರ್ ಕೂಗಲ್ಲ, ಬೇಳೆ ಪಾತ್ರೆಯಲ್ಲೇ ಬೇಯುತ್ತದೆ. ಸ್ಟೀಲ್ ತಟ್ಟೆಗಳ ನಡುವೆ ಬಟ್ಟೆ ಹಾಸಿರುತ್ತಾಳೆ. ಗಾಜಿನ ಬಳೆ ತೆಗೆದಿಟ್ಟು ವರ್ಷಗಳಾದವು, ಗಂಡ ಗಟ್ಟಿಮುಟ್ಟಾಗಿರುವಾಗಲೇ ಬರಿಗೈ ಮಾಡ್ಕೊಂಡಿದ್ದಾಳೆ ಅಂತ ಅತ್ತೆಯ ಬಾಯಿಂದ ಕೇಳಬಾರದ್ದು ಕೇಳಿದ್ದಾಳೆ. ಹಬ್ಬಕ್ಕೂ ಹಳೇ ಹತ್ತಿ ಸೀರೆಯೇ. ಮಗಳಿಗೆ ಆ ಮನೆಯಲ್ಲಿ ಅಮ್ಮ ಅಂದರೆ ಸದ್ದಿಲ್ಲದ ಜಾಗ. ಅಂಥಾ ಅಮ್ಮನನ್ನು ಪಕ್ಕದಲ್ಲಿ ಕೂರಿಸಿ ನಾವು ಆ ಮಗುವಿನ ಕಷ್ಟ ಅಳೆದಿದ್ದೆವು.

"ಸಂತೋಷದ ವಿಷಯ ಅಲ್ಲವಾ, ಮಗು ನೆಮ್ಮದಿಯಾಗಿದೆ" ಅಂದರು ಡಾಕ್ಟರು.

"ನಾನು ಪಕ್ಕದಲ್ಲಿದ್ದೀನಲ್ಲ ಸಾರ್, ಅದಕ್ಕೆ. ನಾನಿಲ್ಲದಾಗ ನೋಡಿ."

"ಅಮ್ಮ ಪಕ್ಕದಲ್ಲಿರಬೇಕು ಅಂತ ಕಾನೂನೇ ಇದೆಯಲ್ಲಮ್ಮ. ನೀವೇ ಬರೆಸಿದ್ದು."

ಕಾರಿಡಾರಿನಲ್ಲಿ ಶಾಂಭವಿ ನನ್ನನ್ನು ನೋಡಿದಳು. "ನಿಮಗೇನಕ್ಕ, ಚರಣನಿಗೆ ಎಂಬತ್ತಾರು. ಪುಣ್ಯ ಮಾಡಿದ್ದೀರ." ಕೆನ್ನೆಗೆ ಬಾರಿಸೋಣ ಅನ್ನಿಸಿತು. ನನ್ನ ಮಗ ನರಳೋದಕ್ಕೆ ಪುಣ್ಯ ಅಂತೆ. ಆದರೆ ಅವಳು ಅಂದಿದ್ದು ನಿಜವಾಗಿತ್ತು, ಒಳಗೊಳಗೆ ನಾನೂ ಹಾಗೇ ಅಂದುಕೊಂಡಿದ್ದೆ.

ವಿಮೆ ಇಲ್ಲ ಅಂದರೆ ನಫೀಸಾ ಮಿಸ್ ಇಲ್ಲ. ನಫೀಸಾ ಅಂದರೆ ಮಾತಿಲ್ಲದ ಮಕ್ಕಳಿಗೆ ಚಿತ್ರದ ಹಲಗೆಯಲ್ಲಿ ಮಾತಾಡೋದು ಕಲಿಸುವ ಹುಡುಗಿ. ನೀರಿನ ಚಿತ್ರ ಮುಟ್ಟಿದರೆ ಹಲಗೆ "ನೀರು" ಅನ್ನುತ್ತದೆ, ಕೊಡುತ್ತಾರೆ. ಅಷ್ಟು ಬರುವ ಮುಂಚೆ ಇಂಚರ ಬೇಕಾದ್ದು ಹೇಳೋಕಾಗದೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು, ರಕ್ತ ಬರೋ ಹಾಗೆ. ಕಂಪನಿಯ ದುಡ್ಡು ಬಂದೇ ಬರುತ್ತೆ ಅಂತ ಒಕ್ಕೂಟದವರು ಅವಳ ಪಾಠ ಮೊದಲೇ ಶುರು ಮಾಡಿಸಿದ್ದೆವು. ನೀರು, ಅನ್ನ, ಉಯ್ಯಾಲೆ, ಅಮ್ಮ, ಇಷ್ಟು ಮುಟ್ಟೋಕೆ ಕಲಿತಿದ್ದಳು, ಕೈಯ ಗಾಯ ಒಣಗುತ್ತಿತ್ತು. ಶಾಂಭವಿಯ ಗಂಡ ಓಂಕಾರನ ಕೊಬ್ಬರಿ ವ್ಯಾಪಾರದಲ್ಲಿ ಈ ಖರ್ಚು ಏಳುವಂಥದ್ದಲ್ಲ. ಪಾಠ ನಿಂತಿತು. ನಿಂತ ಸ್ವಲ್ಪ ದಿನಕ್ಕೇ ಹುಡುಗಿ ಮತ್ತೆ ಕೈ ಕಚ್ಚತೊಡಗಿದಳು. ಒಂದು ಮರುಮಾಪನಕ್ಕೆ ಅವಕಾಶವಿತ್ತು, ಅದರಲ್ಲೂ ಕಡಿಮೆ ಬಂದರೆ ಮುಗೀತು.

ಆ ದಿನಗಳಲ್ಲೇ ಒಕ್ಕೂಟದ ಫೋನ್ ಗುಂಪಿನಲ್ಲಿ ಕುಣಿಗಲ್ ಕಡೆಯ ತಾಯಿಯೊಬ್ಬಳು ಹಾಕಿದಳು: ಅಳೆಯುವ ದಿನ ಬೆಳಿಗ್ಗೆ ಮಿಕ್ಸಿ ಓಡಿಸಿ, ಖಾಲಿ ಜಾರ್ ಸಾಕು. ಇನ್ನೊಬ್ಬಳು ಜರಿ ಲಂಗ ಅಂದಳು. ಮತ್ತೊಬ್ಬಳು ಸೆಂಟು. ಯಾರೂ ಛೀ ಅನ್ನಲಿಲ್ಲ, ಥ್ಯಾಂಕ್ಸ್ ಅಕ್ಕ ಅಂದರು. ಕೇಂದ್ರದಲ್ಲಿ ನಂಬರುಗಳು ಏರತೊಡಗಿದವು. ಮಕ್ಕಳು ಕಣ್ಣು ಕೆಂಪಗೆ ಮಾಡಿಕೊಂಡು, ಚುಚ್ಚುವ ಬಟ್ಟೆಯಲ್ಲಿ, ಅತ್ತೂ ಅತ್ತೂ ದನಿ ಹೋಗಿ ಬರುತ್ತಿದ್ದರು. ನಲವತ್ತಿದ್ದವರಿಗೆ ಎಪ್ಪತ್ತು. "ಏನಿದು ಪಂಕಜಮ್ಮ, ಹೀಗೂ ಉಂಟಾ?" ಅಂತ ಡಾಕ್ಟರು ನನ್ನನ್ನು ಕೇಳಿದರು. ಯಂತ್ರ ಹೇಳಿದ್ದನ್ನು ನಾನು ಬರೆದುಕೊಳ್ತೀನಿ ಸಾರ್ ಅಂದೆ. ಅವರು ಮತ್ತೆ ಕೇಳಲಿಲ್ಲ. ಗೊತ್ತಾಗಿತ್ತು ಅವರಿಗೆ.

ಶಾಂಭವಿ ಮಾಡಲ್ಲ ಅಂದಳು. ಸಾಯ್ತೀನೇ ಹೊರತು ಮಾಡಲ್ಲ ಅಂದಳು. ಮರುಮಾಪನದ ಹಿಂದಿನ ದಿನ ಫೋನ್ ಮಾಡಿ, "ಅಕ್ಕ, ಬೆಳಿಗ್ಗೆ ನೀವು ಮನೆಗೆ ಬನ್ನಿ, ಒಬ್ಬಳಿಗೇ ಆಗಲ್ಲ" ಅಂದಳು.

ನಾನು ಹೋದಾಗ ಓಂಕಾರ ಹೊರಗೆ ಬೈಕಿನ ಮೇಲೆ ಕೂತಿದ್ದ. "ನಾನು ಕೊಬ್ಬರಿ ಮಂಡಿಗೆ ಹೋಗ್ತೀನಿ ಪಂಕಜಕ್ಕ, ನನ್ ಕೈಲಿ ನೋಡಕ್ಕಾಗಲ್ಲ" ಅಂದು ಹೊರಟೇಬಿಟ್ಟ. ಗಂಡಸರಿಗೆ ಹೋಗೋಕೆ ಒಂದು ಮಂಡಿ ಇರುತ್ತೆ.

ಒಳಗೆ ಶಾಂಭವಿ ಮದುವೆಯ ರೇಷ್ಮೆ ಸೀರೆ ಉಟ್ಟು, ಎರಡೂ ಕೈಗೆ ಗಾಜಿನ ಬಳೆ ತೊಟ್ಟು ನಿಂತಿದ್ದಳು. ಅಡುಗೆಮನೆಯಲ್ಲಿ ಪಕ್ಕದ ಮನೆಯಿಂದ ತಂದ ಕುಕ್ಕರ್ ಒಲೆ ಮೇಲಿತ್ತು. ಫೋನಿನಲ್ಲಿ ಬ್ಯಾಂಡ್ ಸೆಟ್ಟಿನ ಸದ್ದು ಹಾಕಿ ಸ್ಪೀಕರಿಗೆ ಜೋಡಿಸಿದ್ದಳು. ಇಂಚರಳಿಗೆ ಹಳೇ ಫ್ರಾಕು ಬಿಚ್ಚಿ ಜರಿ ಲಂಗ ಹಾಕುವಾಗ ನಾನು ಹುಡುಗಿಯ ಕೈ ಹಿಡಿದುಕೊಂಡಿದ್ದೆ. ಆಮೇಲೆ ಶಾಂಭವಿ ಹೋಗಿ ಮಿಕ್ಸಿ ಹಾಕಿದಳು.

ಇಂಚರ ಕೂಗಲಿಲ್ಲ. ನಾನು ಕೂಗುತ್ತಾಳೆ ಅಂದುಕೊಂಡಿದ್ದೆ. ನನ್ನ ಕೈಯಿಂದ ಜಾರಿಕೊಂಡು, ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಅಮ್ಮ ಇದ್ದಳಲ್ಲ, ಅದಕ್ಕೆ. ಮಿಕ್ಸಿ ಅದುಮಿ ಹಿಡಿದಿದ್ದ ಅಮ್ಮನ ಸೊಂಟ ತಬ್ಬಿಕೊಂಡು ಆ ರೇಷ್ಮೆ ಸೀರೆಯಲ್ಲಿ ಮುಖ ಹುದುಗಿಸಿದಳು. ಕುಕ್ಕರ್ ಕೂಗಿತು. ಹುಡುಗಿ ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಶಾಂಭವಿ ಮಿಕ್ಸಿಯ ಗುಂಡಿ ಬಿಡಲಿಲ್ಲ, ನನ್ನ ಕಡೆ ತಿರುಗಿ, "ಸಾಕಾ ಅಕ್ಕ? ಅರವತ್ತು ಬರುತ್ತಾ?" ಅಂತ ಕೇಳಿದಳು. ಯಂತ್ರದ ಮುಂದೆ ಕೂರುವವಳು ನಾನಲ್ಲವೇ. ಇನ್ನೂ ಸ್ವಲ್ಪ ಅಂದೆ.

ಎಷ್ಟೋ ಹೊತ್ತಾದ ಮೇಲೆ ಹುಡುಗಿ ತಲೆ ಎತ್ತಿ ನೋಡಿದಳು. ಸದ್ದು ಎಲ್ಲಿಂದ ಬರುತ್ತಿದೆ, ಕೈ ಯಾರದ್ದು ಅಂತ ನೋಡಿದಳು. ಹಿಡಿತ ಬಿಟ್ಟಳು. ಕೇಂದ್ರಕ್ಕೆ ಹೋಗೋಕೆ ಬಾಡಿಗೆ ಕಾರು ಹತ್ತುವಾಗ ಅಮ್ಮನ ಪಕ್ಕ ಕೂರಲಿಲ್ಲ.

ಎಪ್ಪತ್ತೆರಡು ಬಂತು. ನಂಬರು ಬಂದರೆ ಸಾಲದು, ತೆರೆಯ ಅಂಚಿನ ಹಸಿರು ಪಟ್ಟಿ ತುಂಬುವವರೆಗೂ ಗೆರೆಯ ಮೇಲೇ ನಿಲ್ಲಬೇಕು, ನಡುವೆ ಇಳಿದರೆ ಪಟ್ಟಿ ಮೊದಲಿನಿಂದ. ಇಳಿಯಲಿಲ್ಲ. ಪಟ್ಟಿ ತುಂಬಿದಾಗ ಶಾಂಭವಿ ಯಂತ್ರಕ್ಕೆ ಕೈ ಮುಗಿದಳು.

ನಫೀಸಾ ಮತ್ತೆ ಬಂದಳು, ಪಾಠ ಹತ್ತಿತು. ಇಂಚರ ಬಹಳ ಕಲಿತಳು. ಎರಡು ಚಿತ್ರ ಜೋಡಿಸಿ ವಾಕ್ಯ ಮಾಡುತ್ತಿದ್ದಳು, ಮಣಿಕಟ್ಟಿನ ಗಾಯ ಪೂರ್ತಿ ಮಾಯಿತು. ಕಾನೂನು ಕೆಲಸ ಮಾಡಿತು ಅಂತ ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಫೋಟೋದಲ್ಲಿ ಅಮ್ಮ ಮಗಳ ನಡುವೆ ನಫೀಸಾ ಇದ್ದಾಳೆ. ಹಲಗೆಯಲ್ಲಿ ಅಮ್ಮನ ಚಿತ್ರವನ್ನು ಹುಡುಗಿ ಮುಟ್ಟುವುದಿಲ್ಲ ಅಂತ ನಫೀಸಾ ನನಗೆ ಹೇಳಿದಳು. ಶಾಂಭವಿ ಕೋಣೆಗೆ ಬಂದರೆ ಮಂಚದ ಆಚೆ ಹೋಗಿ ಕೂರುತ್ತಾಳಂತೆ. "ದೊಡ್ಡೋಳಾಗ್ತಿದ್ದಾಳೆ, ಈಗ ಅಮ್ಮ ಬೇಡ ಅವಳಿಗೆ" ಅಂತ ಶಾಂಭವಿ ನಗುತ್ತಾ ಹೇಳುತ್ತಿದ್ದಳು. ನಾನೂ ನಕ್ಕೆ. ಇನ್ನೇನು ಮಾಡಲಿ?

ವಿಮೆ ಒಂದು ವರ್ಷಕ್ಕೆ ಮಾತ್ರ, ಪ್ರತಿ ವರ್ಷ ಅಳೆಸಬೇಕು. ಅಷ್ಟರಲ್ಲಿ ಕಂಪನಿಯವರು ಜಿಲ್ಲೆಯ ಲೆಕ್ಕ ತೆಗೆದು, ಎಲ್ಲರ ಭಾರಾಂಕವೂ ಏರಿದೆ, ಆದ್ದರಿಂದ ಗೆರೆಯೂ ಏರಬೇಕು ಅಂತ ಎಪ್ಪತ್ತಕ್ಕೆ ಒಯ್ದರು. ಏರಿದ್ದು ಯಾಕೆ ಅಂತ ಎದ್ದು ಹೇಳುವ ಹಾಗೆ ನಮ್ಮಲ್ಲಿ ಯಾರ ಬಾಯಿಯೂ ಇರಲಿಲ್ಲ.

ಶಾಂಭವಿ ಕೇಂದ್ರಕ್ಕೆ ಬಂದು ನನ್ನ ಮುಂದೆ ಕೂತಳು. "ಈ ಸಲ ನಾನು ಏನೂ ಮಾಡಲ್ಲ ಅಕ್ಕ. ಕೈ ಮುಗೀತೀನಿ, ನೀವೂ ಹೇಳಬೇಡಿ. ಮನೇಲಿ ಮತ್ತೆ ಒಂದು ಸದ್ದಿಲ್ಲದ ಹಾಗೆ ನೋಡ್ಕೊಂಡಿದ್ದೀನಿ. ನಂಬರು ಬರದಿದ್ರೆ ಬೇಡ. ನಫೀಸಾ ಹತ್ರ ನಾನೇ ಅಷ್ಟಿಷ್ಟು ಕಲ್ತಿದ್ದೀನಿ, ನಾನೇ ಹೇಳ್ಕೊಡ್ತೀನಿ. ನನ್ ಮಗಳು ನನಗೆ ವಾಪಸ್ ಬಂದ್ರೆ ಸಾಕು."

"ಕೈ ಕಚ್ಕೊಂಡ್ರೆ?"

"ನನ್ ಕೈ ಕೊಡ್ತೀನಿ, ಕಚ್ಚಲಿ."

ಮಾಪನದ ದಿನ ಇಂಚರಳನ್ನು ಒಳಗೆ ಕರೆತಂದಿದ್ದು ನಫೀಸಾ. ಹಳೇ ಫ್ರಾಕು, ತಲೆ ಬಾಚಿ ಸಡಿಲವಾಗಿ ಕಟ್ಟಿದ್ದರು, ಮುಖ ಶಾಂತವಾಗಿತ್ತು. ಟೋಪಿ ಹಾಕಿದಾಗ ನಂಬರು ಮೂವತ್ತರ ಹತ್ತಿರ ಆಡುತ್ತಿತ್ತು. ನಫೀಸಾ ಕಣ್ಣಲ್ಲಿ ನೀರು ತುಂಬಿಕೊಂಡು ಗಾಜಿನ ಕಡೆ ನೋಡಿದಳು, ಎಲ್ಲ ಹೋಯಿತು ಅನ್ನುವ ಹಾಗೆ. ಆಮೇಲೆ ನಿಯಮದ ಪ್ರಕಾರ ಅವಳು ಹೊರಗೆ ಬಂದಳು, ಶಾಂಭವಿ ಒಳಗೆ ಹೋದಳು. ಬರಿಗೈ, ಹತ್ತಿ ಸೀರೆ, ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದಳು. ಸದ್ದಾಗದ ಹಾಗೆ ಕುರ್ಚಿ ಎಳೆದುಕೊಂಡು ಚಾಪೆಯ ಪಕ್ಕ ಕೂತಳು.

ಐವತ್ತು. ಅರವತ್ತೈದು. ಎಪ್ಪತ್ತೆಂಟು.

ಇಂಚರ ಅಳಲಿಲ್ಲ, ಕದಲಲೂ ಇಲ್ಲ. ನೆಲ ನೋಡುತ್ತಾ ಕೂತಿದ್ದಳು. ನನ್ನ ಪಕ್ಕ ನಿಂತಿದ್ದ ಡಾಕ್ಟರು ಮೆಲ್ಲಗೆ ಹೊರಗೆ ಹೋದರು. ಹಸಿರು ಪಟ್ಟಿ ಏರತೊಡಗಿತು.

ಒಳಗಿನ ತೆರೆಯ ಮೇಲೆ ಶಾಂಭವಿಯ ಕಣ್ಣು ಬಿತ್ತು. ಮೊದಲು ಅವಳ ಮುಖ ಅರಳಿತು. ಏನೂ ಮಾಡದೆ ಬಂದುಬಿಡ್ತಲ್ಲ ಅಂತ ನನ್ನ ಕಡೆ ನೋಡಿ ನಕ್ಕಳು ಕೂಡ. ಆಮೇಲೆ ಮಗಳನ್ನು ನೋಡಿದಳು. ಮತ್ತೆ ತೆರೆ ನೋಡಿದಳು. ನಿಧಾನಕ್ಕೆ ಎದ್ದು ಬಾಗಿಲ ತನಕ ಹೋದಳು. ನಂಬರು ಅರವತ್ತಕ್ಕೆ ಇಳಿಯಿತು, ಪಟ್ಟಿ ಖಾಲಿಯಾಯಿತು. ಒಂದು ಹೆಜ್ಜೆ ವಾಪಸ್ ಬಂದಳು, ಏರಿತು. ಮತ್ತೆ ಬಾಗಿಲ ಹತ್ತಿರ ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತಳು. ನಲವತ್ತು. ಇಂಚರ ಉಸಿರು ಬಿಟ್ಟಿದ್ದು ಮೈಕಿನಲ್ಲಿ ನನಗೆ ಕೇಳಿಸಿತು.

ಅವಳು ಹೊರಗೆ ಬಂದುಬಿಟ್ಟರೆ ಅಷ್ಟೇ, ಆ ಮಗುವಿಗೆ ಮುಂದೆ ವಿಮೆ ಇಲ್ಲ, ಮಾತಿಲ್ಲ. ಅವಳು ಮನೆಯಲ್ಲಿ ತಾನೇ ಹೇಳಿಕೊಡುತ್ತೇನೆ ಅಂದಿದ್ದಳಲ್ಲ, ಅದೂ ಆಗುವಂಥದ್ದಲ್ಲ ಅಂತ ತೆರೆ ಹೇಳುತ್ತಿತ್ತು. ನಾನು ಮೈಕಿನ ಗುಂಡಿ ಒತ್ತಿದೆ. "ಶಾಂಭವಿ, ಹೋಗಬೇಡ. ಬಂದು ಕೂತ್ಕೋ. ಪಟ್ಟಿ ತುಂಬ್ಲಿ."

ಅವಳು ಗಾಜಿನ ಕಡೆ ತಿರುಗಿದಳು. ಈಚೆ ಕೂತ ನಾನು ಅವಳಿಗೆ ಕಾಣುತ್ತಿದ್ದೆ. ಬಂದು ಕುರ್ಚಿಯಲ್ಲಿ ಕೂತಳು. ಇಂಚರ ಚಾಪೆಯ ಮೇಲೆ ಜರುಗಿ ಗೋಡೆಗೆ ಹೋದಳು, ನಂಬರು ಗೆರೆಯ ಕೆಳಗೆ ಇಳಿಯತೊಡಗಿತು. ಶಾಂಭವಿ ಅದನ್ನು ನೋಡಿ ಕುರ್ಚಿ ಮುಂದಕ್ಕೆ ಎಳೆದಳು. ಹುಡುಗಿ ಗೋಡೆಗಂಟಿಕೊಂಡು ಇನ್ನೂ ಆಚೆ ಸರಿದಳು. ಪಟ್ಟಿ ತುಂಬುವವರೆಗೂ ಶಾಂಭವಿ ಕುರ್ಚಿಯನ್ನು ಮಗಳ ಹತ್ತಿರಕ್ಕೆ ಎಳೆಯುತ್ತಲೇ ಇದ್ದಳು.